ಉಂಡೆಯಲ್ಲಿ ಬೆರೆಸಿದ ಪುಡಿ

ನಾರಾಯಣಗೂಡ, ಹೈದರಾಬಾದ್
12 ಆಗಸ್ಟ್ 2024

ಮುದ್ದಿನ ಭಾಗ್ಯಶ್ರೀಗೆ ಅವ್ವನ ನೂರು ಮುತ್ತು.

ಚಿಕ್ಕವ್ವನ ಮನೆಯಲ್ಲಿ ಸರಿಯಾಗಿ ಊಟ ಮಾಡುತ್ತಿದ್ದೀಯೋ ಇಲ್ಲವೋ! ಫೋನ್ ಮಾಡಿದರೆ ‘ಅರಾಮ ಇದ್ದಿ ಏನವ್ವಾ?’ ಅಂತ ನೀನೇ ಕೇಳುತ್ತೀಯ, ಹೇಳಬೇಕಾದ್ದು ಬಿಟ್ಟು ಬೇರೇನೋ ಹೇಳಿ ಫೋನ್ ಇಡುತ್ತೇನೆ. ಅದಕ್ಕೇ ಬರೆಯುತ್ತಿದ್ದೇನೆ. ಸಿಟ್ಟು ಬಂದರೆ ಹರಿದು ಹಾಕು, ಆದರೆ ಪೂರ್ತಿ ಓದಿ ಹರಿ.

ನಿನ್ನ ಮೂತ್ರ ಪರೀಕ್ಷೆಯಲ್ಲಿ ಸಿಕ್ಕ ನಿಷೇಧಿತ ಔಷಧಿ ನಿನ್ನ ಕೋಚ್ ಕೇದಾರ ಸರ್ ಕೊಟ್ಟಿದ್ದಲ್ಲ. ನಾನು ಕೊಟ್ಟಿದ್ದು. ಏಪ್ರಿಲ್‌ನಲ್ಲಿ ಮನೆಗೆ ಬಂದಾಗ ನೀನು ಮೊಣಕಾಲು ಹಿಡಿದುಕೊಂಡು ಮೆಟ್ಟಿಲು ಹತ್ತುತ್ತಿದ್ದೆ. ಹೆತ್ತ ಹೊಟ್ಟೆ, ನೋಡಲಾಗಲಿಲ್ಲ. ಮೆಹದಿಪಟ್ಟಣಂ ಬಸ್ ನಿಲ್ದಾಣದ ಹತ್ತಿರ ಕೂರುತ್ತಿದ್ದ ವೈದ್ಯನಿಂದ ಪುಡಿ ತಂದು ಅಂಟಿನ ಉಂಡೆಯಲ್ಲಿ ಬೆರೆಸಿದೆ. ಬಾಣಂತಿಗೆ ಸೊಂಟ ಗಟ್ಟಿಯಾಗಲೆಂದು ಕೊಡುವ ಉಂಡೆ, ಓಡುವ ಮಗಳಿಗೆ ಏನು ಕೆಡುಕು ಮಾಡೀತು ಅಂದುಕೊಂಡೆ.

ಸ್ಟೇಡಿಯಂನಲ್ಲಿ ತಂದೆತಾಯಿಯರಿಗೆ ಡೋಪಿಂಗ್ ಬಗ್ಗೆ ತರಗತಿ ನಡೆದಾಗ ನಾನೂ ಮುಂದಿನ ಸಾಲಿನಲ್ಲೇ ಕೂತಿದ್ದೆನಲ್ಲ! ಮನೆಮದ್ದನ್ನೂ ಕೇಳದೆ ಕೊಡಬೇಡಿ ಎಂದು ಮೇಡಂ ತೆಲುಗಿನಲ್ಲೂ ಹಿಂದಿಯಲ್ಲೂ ಹೇಳಿದರು. ನಾನು ತಲೆ ಆಡಿಸಿದೆ. ಡೋಪಿಂಗ್ ಅಂದರೆ ಸೂಜಿ, ಕದ್ದು ಚುಚ್ಚಿಕೊಳ್ಳುವುದು. ನಮ್ಮ ಅಡುಗೆಮನೆಗೆ ಅದೇಕೆ ಬಂದೀತು ಎಂಬ ಸೊಕ್ಕು ನನಗೆ.

ನೀನೋ, ಚಿಕ್ಕ ಹುಡುಗಿಯರನ್ನು ಕೂರಿಸಿಕೊಂಡು ‘ಕೇಳಲಾರದ ಏನೂ ತಿನ್ನಬ್ಯಾಡ್ರಿ’ ಅಂತ ಪಾಠ ಹೇಳುತ್ತಿದ್ದವಳು. ಮುಚ್ಚಳ ತೆರೆದ ಬಾಟಲಿಯ ನೀರನ್ನೂ ಮುಟ್ಟುತ್ತಿರಲಿಲ್ಲ. ನನ್ನ ಕೈಯ ಉಂಡೆಯನ್ನು ಮಾತ್ರ ಏನೂ ಕೇಳದೆ ತಿಂದೆ.

ನಿನ್ನೆ ನಿನ್ನ ವಕೀಲರಾದ ಸಂಯುಕ್ತಾ ಅವರ ಮುಂದೆ ಎಲ್ಲ ಹೇಳಿದೆ. ‘ಆ ಪುಡಿ ಉಳದಿದ್ರ ಕೊಡ್ರಿ, ಪರೀಕ್ಷಾ ಮಾಡಸೋಣ. ನಮಗಿರೋ ಪುರಾವೆ ಅದೊಂದ’ ಅಂದರು. ಅದು ಸಾಬೀತಾದರೆ ನಾಲ್ಕು ವರ್ಷದ ನಿಷೇಧ ಕಡಿಮೆಯಾದೀತಂತೆ. ಪುಡಿ ಮುಗಿದುಹೋಗಿದೆ ಎಂದೆ. ಆ ವೈದ್ಯನೂ ಜಾಗ ಖಾಲಿ ಮಾಡಿದ್ದಾನೆ. ಇಪ್ಪತ್ತಾರನೇ ತಾರೀಖಿನ ವಿಚಾರಣೆಗೆ ಬಂದು ನಾನೇ ಬಾಯಿಬಿಟ್ಟು ಹೇಳುತ್ತೇನೆ, ನಂಬಿದರೆ ನಂಬಲಿ. ಕೇದಾರ ಸರ್‌ಗೆ ಒಂದು ಫೋನ್ ಮಾಡು. ಪಾಪ, ಅವರೇ ಕೊಟ್ಟರೆಂದು ನೀನು ಮಾತು ಬಿಟ್ಟಾಗಿನಿಂದ ಅವರು ಕುಗ್ಗಿಹೋಗಿದ್ದಾರೆ.

ನಿನ್ನ ಮುಂದೆ ನಿಲ್ಲಲು ಮುಖವಿಲ್ಲದ
ಅವ್ವ, ಉಮಾಬಾಯಿ

ತಾ.ಕ.: ಪುಡಿ ಮುಗಿದಿರಲಿಲ್ಲ. ಅರ್ಧ ಡಬ್ಬಿ ಇತ್ತು. ನೋಟಿಸು ಬಂದ ದಿನವೇ ಇದು ನನ್ನ ಕೆಲಸ ಎಂದು ಗೊತ್ತಾಯಿತು. ಎಲ್ಲರೂ ನನ್ನತ್ತ ಬೆರಳು ತೋರಿಸುತ್ತಾರೆಂದು ಹೆದರಿ ಬಚ್ಚಲಿಗೆ ಸುರಿದೆ, ಡಬ್ಬಿಯನ್ನು ಎರಡು ಸಲ ತಿಕ್ಕಿ ತೊಳೆದೆ. ಆಗ ನೀನು ಪಕ್ಕದ ಕೋಣೆಯಲ್ಲಿ ಅಳುತ್ತಿದ್ದೆ.