ಬೆಂಡಿ ಪಾತ್ಯಾಗ ಟಿಟ್ಟಿಭ

ತುಕ್ಕಾನಟ್ಟಿ, ಮಂಗಳವಾರ

ಅಕ್ಕಾ,

ಧಾರವಾಡದಾಗ ಕುಂಡ್ಯಾಗ ತುಳಸಿ ಬೆಳಸಿದಾಕಿ ನಾನು, ಮೊದಲ ಮಳಿ ಬಿದ್ದಕೂಡ್ಲೆ ಇಲ್ಲಿ ಬಾವಿ ಬಾಜೂಕ ಬೆಂಡಿ ಹಾಕಾಕ ಪಾತಿ ಮಾಡಿದೆ. ಬೀಜ ತಗೊಂಡು ಹೋದರ ಪಾತಿ ನಡುವ ಟಿಟ್ಟಿಭ ಹಕ್ಕಿ ತತ್ತಿ ಇಟ್ಟು ಕುಂತಿತ್ತು. ಚೀರಿಕೋಂತ ನನ್ನ ತಲಿಮ್ಯಾಲೆ ಹಾರಿ ಬಂತು. ನಾ ಮನಿಗೆ ಓಡಿದೆ.

ನಮ್ಮತ್ತಿ ಶಂಕ್ರವ್ವಗ ಈ ಮನ್ಯಾಗ ಯಾರೂ ಎದುರಾಡೂದಿಲ್ಲ. "ಹಕ್ಕಿಗೆ ಹೆದರ್ತೀಯೇನ?" ಅಂತ ಬಡಿಗಿ ಹಿಡಕೊಂಡು ತಾವ ಹೋದ್ರು. ಅದು ಅವರನ್ನೂ ಬದುವಿನ ತನಕ ಅಟ್ಟಿಸಿಕೊಂಡು ಹೋತು. ನಾ ನಗು ನುಂಗಿಕೊಂಡು ನಿಂತಿದ್ದೆ.

ಅವರು ಸಿಟ್ಟಾಗಲಿಲ್ಲ. ನಾಯಿ ಬರದಂಗ ಸುತ್ತ ಮುಳ್ಳು ಹಚ್ಚಿಸಿ, "ಹಸಿ ಬಾಣಂತಿ ಅದಾಳ, ಆ ಕಡೆ ಯಾರೂ ಹೋಗಬ್ಯಾಡ್ರಿ" ಅಂದ್ರು. ಆಮ್ಯಾಲೆ ನನ್ನ ಕಡೆ ತಿರುಗಿ, "ಅಕೀನ್ನ ನೋಡಿ ಕಲಿ. ನೀನೂ ಇಷ್ಟು ದನಿ ತಗದು ಮಾತಾಡಬೇಕು" ಅಂದ್ರು.

ನೆಗಡಿ ಹೋಗೇತಿ, ಆರಾಮ ಅದೀನಿ. ಬೆಂಡಿ ಬೀಜ ಮಾತ್ರ ಪೊಟ್ಟಣದಾಗ ಅದಾವ. ಇವರು ಘಟಪ್ರಭಾಕ್ಕ ಹೊಂಟಾರ, ಕಾರ್ಡ್ ಅವರ ಕೈಯಾಗ ಕೊಡಾಕತ್ತೇನಿ. ಅತ್ತಿಮನ್ಯಾಗ ದನಿ ಏರಿಸಬ್ಯಾಡ ಅಂತ ಹೇಳಿ ಕಳಿಸ್ಯಾಳ ಅವ್ವ, ಅಕಿಗೆ ಇದನ್ನ ತೋರಸಬ್ಯಾಡ.

ನಿನ್ನ ತಂಗಿ,
ಶೈಲಾ