ಬುಟ್ಟಿ ಸೇರಿದ ಆರ್ಟಿಚೋಕ್ ಬುಡ

ಇಟಾಸ್ಕಾ, ಅಮೆರಿಕ, ಭಾನುವಾರ

ಅಕ್ಕಾ,

ನೀನು ಕಲಿಸಿದ ಬಾಳೆಹೂವು ಬಿಡಿಸುವ ವಿದ್ಯೆಯಿಂದ ನಮ್ಮ ತಮ್ಮನ ಮಗಳು ತನಿಷಾಳ ಮದುವೆಯೇ ಮುರಿಯುತ್ತಿತ್ತು! ಅವಳ ಭಾವೀ ಅತ್ತೆ, ಇಟಲಿ ಮೂಲದ ಕಾರ್ಲಾ, ಆರ್ಟಿಚೋಕ್ ಎಂಬ ಮುಳ್ಳುಮೊಗ್ಗುಗಳನ್ನು ತಂದು ನನ್ನ ಕೈಗೆ ಬಿಡಿಸಲು ಕೊಟ್ಟರು. ನಾನು ಥೇಟ್ ಬಾಳೆಹೂವಿನಂತೆ ಎಸಳು ಕಿತ್ತು, ಒಳಗಿನ ಕೂದಲಿನಂಥ ಎಳೆಗಳನ್ನು ಜೋಪಾನವಾಗಿ ಮಜ್ಜಿಗೆಗೆ ಹಾಕಿ, ಬುಡಗಳನ್ನು ಕಸದ ಬುಟ್ಟಿಗೆ ಎಸೆದೆ.

“ನೋ, ಅತ್ತೆ! ತಿನ್ನೋದೇ ಆ ಬುಡಾನ! ಈ ಕೂದಲು ಗಂಟಲಿಗೆ ಸಿಕ್ಕೊಳ್ಳುತ್ತೆ!” ಎಂದು ತನಿಷಾ ಕಿರುಚಿದಳು.

ಕಾರ್ಲಾ ಎದೆ ಹಿಡಿದುಕೊಂಡರು. ಸಂಬಂಧ ಬುಡಮೇಲಾಯಿತೆಂದೇ ನಾನು ಅಂದುಕೊಂಡೆ. ಆದರೆ ಆಕೆ ಬುಟ್ಟಿಗೆ ಕೈಹಾಕಿ, ಬುಡಗಳನ್ನು ಹೆಕ್ಕಿ ತೊಳೆದು, ಪುದೀನ, ಬೆಳ್ಳುಳ್ಳಿ, ಆಲಿವ್ ಎಣ್ಣೆ ಸೇರಿಸಿ ಮುಚ್ಚಿ ಬೇಯಿಸಿದರು. ಬೆಣ್ಣೆಯಂತಿತ್ತು ಕಣೇ!

ಬೆರಳಿಗೆ ಮುಳ್ಳು ಚುಚ್ಚಿದ್ದು ಬಿಟ್ಟರೆ ಆರೋಗ್ಯ. ಮದುವೆ ನಿಶ್ಚಯ, ಅಡುಗೆಮನೆಗೆ ಮಾತ್ರ ನಾನು ಕಾಲಿಡಬಾರದಂತೆ.

ಕಾರ್ಡು ತುಂಬಿತು,
ಭಾನು