ಕಂಚುಗಾರ ಹಕ್ಕಿಯ ಕೂಗು

೧೩ ಮಾರ್ಚ್ ೧೯೫೫, ಭಾನುವಾರ, ಹುಣಸೂರು

ಫಾತಿಮುನ್ನೀಸಾ ಇವತ್ತು ಬರುತ್ತಾರೆಂದು ನಾನು ಎಣಿಸಿರಲಿಲ್ಲ. ಭಾನುವಾರ ನಮ್ಮ ಶಾಲೆಯ ಮಕ್ಕಳನ್ನೂ ಅವರ ತಾಯಂದಿರನ್ನೂ ವೀರನಹೊಸಹಳ್ಳಿಯ ಕಾಡಂಚಿಗೆ ಕರೆದೊಯ್ದು ಗಿಡ, ಹಕ್ಕಿ ತೋರಿಸುವುದು ನನ್ನ ರೂಢಿ. ಅವರ ಮಗಳು ಜಮೀಲಾ ಒಂದು ವಾರವೂ ತಪ್ಪಿಸಿದವಳಲ್ಲ. ಸಂಕ್ರಾಂತಿಯ ಹೊತ್ತಿಗೆ ಜ್ವರ ಬಂದು ತೀರಿಕೊಂಡಳು. ಇವತ್ತು ತಾಯಿ ಒಬ್ಬರೇ ಬಂದು ಮಕ್ಕಳ ಹಿಂದೆ ನಿಂತರು.

"ನಮ್ಮ ಹುಡುಗಿ ದಿನಾ ಒಂದು ಹಕ್ಕಿ ಥರಾ ಕೂಗೋಳು ಕಣಮ್ಮ. ಅವರಪ್ಪ ಅಂಗಡೀಲಿ ತಾಮ್ರ ಬಡಿದಂಗೇ ಇರೋದು. ಅದ್ಯಾವ ಹಕ್ಕಿ, ತೋರ್ಸಿ."

ಆಲದ ಮರದಲ್ಲಿ ಕಂಚುಗಾರ ಹಕ್ಕಿ ಟೊಂಕ್ ಟೊಂಕ್ ಎನ್ನುತ್ತಿತ್ತು. ಬೆರಳು ಮಾಡಿ ತೋರಿಸಿದೆ. ಎಲೆಗಳ ನಡುವೆ ಅವರಿಗೆ ಕಾಣಲಿಲ್ಲ. ಕಣ್ಣು ಮುಚ್ಚಿ ಕೇಳುತ್ತ ನಿಂತುಬಿಟ್ಟರು.

"ಜಮೀಲಾ ಇದಕ್ಕಿಂತ ಚೆನ್ನಾಗಿ ಕೂಗೋಳು ಟೀಚರಮ್ಮ" ಎಂದಳು ಅವಳ ಗೆಳತಿ ಮಂಗಳಗೌರಿ.

ಫಾತಿಮುನ್ನೀಸಾ ಅವಳ ತಲೆ ಸವರಿ, "ಊಂ ಕಣವ್ವ, ಚೆನ್ನಾಗಿ ಕೂಗೋಳು" ಎಂದರು.

ಹಿಂದಿರುಗುವಾಗ ನನ್ನ ಕೈ ಹಿಡಿದುಕೊಂಡರು. "ಇನ್ಮೇಲೆ ವಾರ ವಾರಾನೂ ಬತ್ತೀನಿ. ಮಳೆಗಾಲದಲ್ಲೂ ಬತ್ತೀನಿ."

ಬನ್ನಿ ಎಂದೆ. ಮಳೆ ಹಿಡಿದರೆ ಆ ಹಕ್ಕಿ ಕೂಗುವುದನ್ನೇ ನಿಲ್ಲಿಸಿಬಿಡುತ್ತದೆ. ಅದನ್ನು ನಾನು ಅವರಿಗೆ ಯಾವ ಬಾಯಲ್ಲಿ ಹೇಳಲಿ?